ಆರ್-30 ಅಂದರೆ ನಮ್ಮ ಲೆಕ್ಕದಲ್ಲಿ ಎಷ್ಟು? ಇನ್ಸುಲೇಷನ್ ಅಳತೆ ಬದಲಿಸುವ ಬಗೆ, ಹಂತ ಹಂತವಾಗಿ

'ಟೆಕ್ಸಾಸ್‌ನಲ್ಲಿರೋ ತಮ್ಮ ಅಟ್ಟಕ್ಕೆ ಆರ್-38 ಹಾಕಿಸಿದ್ದಾನೆ. ಮೆಲ್ಬರ್ನ್‌ನಲ್ಲಿರೋ ಅಕ್ಕ ಆರ್-5 ಸಾಕು ಅಂತಾಳೆ. ಬೆಂಗಳೂರಿನ ನಮ್ಮ ಆರ್ಕಿಟೆಕ್ಟ್ ಯು-ವ್ಯಾಲ್ಯೂ 0.5 ಬರಬೇಕು ಅಂತಾರೆ. ಯಾರ ಮಾತು ಕೇಳಲಿ?'

ಈ ಧಾಟಿಯ ಪ್ರಶ್ನೆ ಪದೇ ಪದೇ ಬರುತ್ತದೆ. ಆರ್ ಅಂದರೆ ಇನ್ಸುಲೇಷನ್ ಶಾಖವನ್ನು ಎಷ್ಟು ತಡೆಯುತ್ತದೆ ಅನ್ನುವ ಸಂಖ್ಯೆ. ಉತ್ತರ ಏನೆಂದರೆ, ಮೂವರೂ ಸರಿ ಇರಬಹುದು. ತಮ್ಮ ಹೇಳುತ್ತಿರುವುದು ಅಡಿ, ಫ್ಯಾರನ್‌ಹೀಟ್ ಲೆಕ್ಕ. ಅಕ್ಕನದು ಮೀಟರ್ ಲೆಕ್ಕ. ಆರ್ಕಿಟೆಕ್ಟ್ ಅದನ್ನೇ ತಲೆಕೆಳಗು ಮಾಡಿ ಹೇಳುತ್ತಿದ್ದಾರೆ. ಅಕ್ಕನ ಆರ್-5 ಅನ್ನು ತಮ್ಮನ ಭಾಷೆಗೆ ತಂದರೆ ಆರ್-28 ದಾಟುತ್ತದೆ. ಅಂದರೆ ಇಬ್ಬರ ನಡುವೆ ಕಾಣುವಷ್ಟು ದೊಡ್ಡ ಅಂತರ ಇಲ್ಲವೇ ಇಲ್ಲ.

ಅಳತೆ ಬದಲಿಸುವುದು ಒಂದೇ ಒಂದು ಗುಣಾಕಾರ, ಅದರಲ್ಲಿ ಎಡವುವವರು ಕಮ್ಮಿ. ಹೆಚ್ಚಾಗಿ ಎಡವುವುದು ಅದಕ್ಕೆ ಮುಂಚೆ ಮತ್ತು ಅದಾದ ಮೇಲೆ. ಹಾಗಾಗಿ ಈ ಲೇಖನದ ಹೆಚ್ಚು ಜಾಗ ಆ ಎರಡಕ್ಕೇ ಮೀಸಲು.

ಮೊದಲು ಕೈಯಲ್ಲಿ ಇರಬೇಕಾದ್ದು

ಇನ್ಸುಲೇಷನ್ ಶೀಟಿನ ಪ್ಯಾಕೆಟ್ ಅಥವಾ ಡೇಟಾಶೀಟ್, ಅದರ ದಪ್ಪ ಎಷ್ಟು ಅನ್ನುವ ಮಾಹಿತಿ, ಮೊಬೈಲ್ ಕ್ಯಾಲ್ಕುಲೇಟರ್. ಜೊತೆಗೆ ಮೂರು ಸಂಖ್ಯೆ ಬರೆದಿಟ್ಟುಕೊಳ್ಳಿ: 5.678, 0.1761, 0.1442.

ಪದಗಳೂ ಮೂರೇ. ಕಂಬಳಿ ನೆನಪಿಸಿಕೊಳ್ಳಿ, ಸುಲಭವಾಗುತ್ತದೆ.

ಲ್ಯಾಂಬ್ಡಾ (ಕೆಲವರು 'ಕೆ-ವ್ಯಾಲ್ಯೂ' ಅನ್ನುತ್ತಾರೆ) ಅನ್ನುವುದು ಉಣ್ಣೆಯ ಗುಣ. ಆ ವಸ್ತುವಿನ ಮೂಲಕ ಶಾಖ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು ಹೇಳುತ್ತದೆ. ದಪ್ಪಕ್ಕೂ ಇದಕ್ಕೂ ಸಂಬಂಧವಿಲ್ಲ. ಕಮ್ಮಿ ಇದ್ದಷ್ಟೂ ಒಳ್ಳೆಯದು.

ಆರ್-ವ್ಯಾಲ್ಯೂ ಅನ್ನುವುದು ಕಂಬಳಿಯ ಗುಣ, ಅಂದರೆ ಶಾಖ ನಿರೋಧ. ದಪ್ಪವನ್ನು ಲ್ಯಾಂಬ್ಡಾದಿಂದ ಭಾಗಿಸಿದರೆ ಸಿಗುತ್ತದೆ. ಕಂಬಳಿ ಎರಡು ಮಡಿಕೆ ಮಾಡಿದರೆ ಆರ್ ಕೂಡ ಎರಡು ಪಟ್ಟು. ಇದು ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಯು-ವ್ಯಾಲ್ಯೂ ಅನ್ನುವುದು ಕಂಬಳಿ, ಒಳಗಿನ ಅಂಗಿ, ಮೈಗೆ ಅಂಟಿದ ಗಾಳಿ ಎಲ್ಲ ಸೇರಿದ ಮೇಲೆ ಒಟ್ಟು ಎಷ್ಟು ಶಾಖ ದಾಟುತ್ತದೆ ಅನ್ನುವ ಲೆಕ್ಕ. ಇಡೀ ಗೋಡೆಗೆ ಅಥವಾ ಇಡೀ ಛಾವಣಿಗೆ ಒಂದೇ ಸಂಖ್ಯೆ. ಇದು ಕಮ್ಮಿ ಇರಬೇಕು.

ಹಂತ 1: ಪ್ಯಾಕೆಟ್ ಮೇಲಿನ 'ಆರ್' ಯಾವ ಊರಿನದು ಅಂತ ಪತ್ತೆ ಹಚ್ಚಿ

ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಆಗುತ್ತವೆ. ಎರಡು ಬೇರೆ ಬೇರೆ ಅಳತೆಗೂ ಜಗತ್ತು 'ಆರ್' ಅಂತಲೇ ಹೆಸರಿಟ್ಟಿದೆ!

ಅಮೆರಿಕದ ಆರ್ ಅಂದರೆ ಚದರ ಅಡಿ × ಡಿಗ್ರಿ ಫ್ಯಾರನ್‌ಹೀಟ್ × ಗಂಟೆ ÷ ಬಿಟಿಯು. ಬಿಟಿಯು ಅಂದರೆ ಬ್ರಿಟಿಷ್ ಥರ್ಮಲ್ ಯೂನಿಟ್, ಸುಮಾರು 1055 ಜೂಲ್. ಮೆಟ್ರಿಕ್ ಆರ್ ಅಂದರೆ ಚದರ ಮೀಟರ್ × ಕೆಲ್ವಿನ್ ÷ ವ್ಯಾಟ್. ಗೊಂದಲ ತಪ್ಪಿಸಲು ಮೆಟ್ರಿಕ್ ಆರ್ ಅನ್ನು 'ಆರ್‌ಎಸ್‌ಐ' ಅಂತ ಕರೆಯುವ ರೂಢಿ ಇದೆ. ಕೆನಡಾದ ಪ್ಯಾಕೆಟ್‌ಗಳಲ್ಲಿ ಎರಡನ್ನೂ ಹಾಕುತ್ತಾರೆ: ಆರ್-20, ಪಕ್ಕದಲ್ಲೇ ಆರ್‌ಎಸ್‌ಐ 3.52. ಎಲ್ಲರೂ ಹಾಗೆ ಮಾಡಿದ್ದರೆ ಈ ಲೇಖನವೇ ಬೇಕಿರಲಿಲ್ಲ.

ಅಮೆರಿಕದ ಪ್ಯಾಕೆಟ್ ಆದರೆ 11, 13, 19, 30, 38, 49 ಇಂಥ ಸಂಖ್ಯೆಗಳು ಕಾಣುತ್ತವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ 2.0, 2.5, 4.0, 5.0 ಹೀಗೆ ಬಿಂದು ಇಟ್ಟ ಚಿಕ್ಕ ಸಂಖ್ಯೆಗಳು. ಅವರೂ ಬರೀ 'ಆರ್' ಅಂತಲೇ ಬರೆಯುತ್ತಾರೆ, ಆದರೆ ಅದು ಮೆಟ್ರಿಕ್. ಯೂರೋಪಿನದೂ ಮೆಟ್ರಿಕ್. ನಮ್ಮಲ್ಲಿ ಮಾತ್ರ ಹೇಳಲು ಬರುವುದಿಲ್ಲ. ಮಾಲು ಎಲ್ಲಿಂದ ಬಂತು, ಕ್ಯಾಟಲಾಗ್ ಯಾರದ್ದನ್ನು ನೋಡಿ ಬರೆದರು ಅನ್ನುವುದರ ಮೇಲೆ ನಿಂತಿರುತ್ತದೆ.

ಸಂಖ್ಯೆ ನೋಡಿ ಅನುಮಾನ ಬಂದರೆ ದಪ್ಪವನ್ನು ಕೇಳಿ. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಅಮೆರಿಕದ ಮರದ ಗೋಡೆಗೆ ಹಾಕುವ ಮೂರೂವರೆ ಇಂಚಿನ ಫೈಬರ್‌ಗ್ಲಾಸ್ ಹಾಸಿನ ಮೇಲೆ 'ಆರ್-13' ಅಂತಿರುತ್ತದೆ. ಮೂರೂವರೆ ಇಂಚು ಅಂದರೆ 89 ಮಿ.ಮೀ. ಆಸ್ಟ್ರೇಲಿಯಾದಲ್ಲಿ ಗೋಡೆಗೆ ಹಾಕುವ 90 ಮಿ.ಮೀ. ಹಾಸಿನ ಮೇಲೆ 'ಆರ್ 2.5' ಅಂತಿರುತ್ತದೆ. ದಪ್ಪ ಒಂದೇ, ವಸ್ತು ಹೆಚ್ಚು ಕಮ್ಮಿ ಒಂದೇ, ಆದರೆ ಒಂದು 13, ಇನ್ನೊಂದು 2.5. ಈಗ 90 ಮಿ.ಮೀ. ಅನ್ನು ಮೀಟರಿಗೆ ತಂದು 2.5ರಿಂದ ಭಾಗಿಸಿ: 0.09 ÷ 2.5 = 0.036. ಇದು ಲ್ಯಾಂಬ್ಡಾ. ಸಾಮಾನ್ಯ ಇನ್ಸುಲೇಷನ್ ವಸ್ತುಗಳ ಲ್ಯಾಂಬ್ಡಾ 0.020 ಮತ್ತು 0.050ರ ನಡುವೆ ಇರುತ್ತದೆ. 0.036 ಅದರೊಳಗೆ ಬಂತು, ಹಾಗಾಗಿ ಇದು ಮೆಟ್ರಿಕ್ ಅನ್ನುವುದು ಗ್ಯಾರಂಟಿ. ಅದೇ 2.5 ಅಮೆರಿಕದ ಆರ್ ಆಗಿದ್ದರೆ ಇಂಚಿಗೆ 0.7 ಬರುತ್ತಿತ್ತು. ಸಾದಾ ಮರದ ಹಲಗೆಗೇ ಇಂಚಿಗೆ 1ಕ್ಕಿಂತ ಜಾಸ್ತಿ ಇರುತ್ತದೆ, ಅಲ್ವಾ? ಮರಕ್ಕಿಂತ ಕಳಪೆ ಇನ್ಸುಲೇಷನ್ ಅನ್ನು ಯಾರು ತಾನೇ ಮಾರುತ್ತಾರೆ!

ಈ ದಪ್ಪದ ಪರೀಕ್ಷೆ ಒಂದನ್ನು ರೂಢಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಹಂತ 2: ಬದಲಿಸಿ

ಅಮೆರಿಕದ ಆರ್‌ನಿಂದ ಮೆಟ್ರಿಕ್‌ಗೆ: 0.1761ರಿಂದ ಗುಣಿಸಿ, ಅಥವಾ 5.678ರಿಂದ ಭಾಗಿಸಿ. ಎರಡೂ ಒಂದೇ.
ಮೆಟ್ರಿಕ್‌ನಿಂದ ಅಮೆರಿಕದ ಆರ್‌ಗೆ: 5.678ರಿಂದ ಗುಣಿಸಿ.

ಹೆಚ್ಚು ಕೇಳುವ ಸಂಖ್ಯೆಗಳು ಇಲ್ಲಿವೆ: ಆರ್-13 ಅಂದರೆ ಮೆಟ್ರಿಕ್ 2.29. ಆರ್-19 ಅಂದರೆ 3.35. ಆರ್-30 ಅಂದರೆ 5.28. ಆರ್-38 ಅಂದರೆ 6.69. ಆರ್-49 ಅಂದರೆ 8.63.

ಬಾಯಿಲೆಕ್ಕ ಬೇಕಾ? ಮೆಟ್ರಿಕ್ ಸಂಖ್ಯೆಯನ್ನು ಆರರಿಂದ ಗುಣಿಸಿ, ಬಂದದ್ದರಲ್ಲಿ ನೂರಕ್ಕೆ ಐದು ಕಳೆಯಿರಿ. 4 × 6 = 24, ಅದರಲ್ಲಿ 1.2 ಕಳೆದರೆ 22.8. ಸರಿ ಉತ್ತರ 22.7. ಅಂಗಡಿಯಲ್ಲಿ ನಿಂತು ಮಾತಾಡಲು ಇಷ್ಟು ಸಾಕು. ತಿರುಗಿ ಬರುವಾಗ ಆರರಿಂದ ಭಾಗಿಸಿ, ನೂರಕ್ಕೆ ಐದು-ಆರು ಸೇರಿಸಿ.

5.678 ಎಲ್ಲಿಂದ ಬಂತು ಅಂತ ಕೇಳುವವರಿಗೆ: ಒಂದು ಚದರ ಅಡಿ 0.0929 ಚದರ ಮೀಟರ್. ಒಂದು ಫ್ಯಾರನ್‌ಹೀಟ್ ಡಿಗ್ರಿಯ ವ್ಯತ್ಯಾಸ 5/9 ಕೆಲ್ವಿನ್. ಗಂಟೆಗೆ 3600 ಸೆಕೆಂಡು. ಮೂರನ್ನೂ ಗುಣಿಸಿ 1055.06 ಜೂಲ್‌ನಿಂದ ಭಾಗಿಸಿದರೆ 0.1761 ಬರುತ್ತದೆ. 1ನ್ನು ಅದರಿಂದ ಭಾಗಿಸಿದರೆ 5.678.

ಎಚ್ಚರಿಕೆ ಎರಡಿವೆ.

ಒಂದು, 32ರ ಸಹವಾಸ ಬೇಡ. ಫ್ಯಾರನ್‌ಹೀಟ್ ಅಂದ ಕೂಡಲೇ ಶಾಲೆಯಲ್ಲಿ ಕಲಿತ '32 ಕಳೆದು 5/9ರಿಂದ ಗುಣಿಸು' ನೆನಪಾಗುತ್ತದೆ. ಅದು ಥರ್ಮಾಮೀಟರ್ ಓದುವುದಕ್ಕೆ. ಇಲ್ಲಿ ಇರುವುದು ಎರಡು ಕಡೆಯ ಉಷ್ಣಾಂಶದ ವ್ಯತ್ಯಾಸ. ವ್ಯತ್ಯಾಸಕ್ಕೆ 5/9 ಮಾತ್ರ. ಎಕ್ಸೆಲ್‌ನ ಕನ್ವರ್ಟ್ ಫಂಕ್ಷನ್‌ಗೆ 1 ಫ್ಯಾರನ್‌ಹೀಟ್ ಕೊಟ್ಟರೆ ಅದು ಮೈನಸ್ 17.2 ಅನ್ನುತ್ತದೆ. ಅದನ್ನು ಈ ಲೆಕ್ಕದೊಳಗೆ ತುರುಕಿದರೆ ಆಮೇಲೆ ಬರುವ ಉತ್ತರಗಳನ್ನು ದೇವರೇ ಕಾಪಾಡಬೇಕು. ಇದೇ ಕಾರಣಕ್ಕೆ 'ಕೆಲ್ವಿನ್' ಅಂದರೂ 'ಸೆಲ್ಸಿಯಸ್' ಅಂದರೂ ಈ ವಿಷಯದಲ್ಲಿ ಒಂದೇ.

ಎರಡು, ದಿಕ್ಕು ತಪ್ಪಬೇಡಿ. ನಾನೂ ಒಮ್ಮೆ ಅವಸರದಲ್ಲಿ ಆರ್-30 ಅನ್ನು ಭಾಗಿಸುವ ಬದಲು ಗುಣಿಸಿ 170 ಅಂತ ಬರೆದು ಕಳಿಸಿದ್ದೆ. ಅಮೆರಿಕದ ಸಂಖ್ಯೆ ಯಾವಾಗಲೂ ದೊಡ್ಡದು, ಮೆಟ್ರಿಕ್ ಚಿಕ್ಕದು. ಇಷ್ಟು ನೆನಪಿದ್ದರೆ ಸಾಕು.

ಹಂತ 3: 'ಇಂಚಿಗೆ ಇಷ್ಟು' ಅಂತ ಕೊಟ್ಟಿದ್ದರೆ

ಫೋಮ್ ಶೀಟ್‌ಗಳಿಗೆ ಎಷ್ಟೋ ಸಲ 'ಇಂಚಿಗೆ ಆರ್-5' ಅಂತ ಕೊಟ್ಟಿರುತ್ತಾರೆ. ಅದನ್ನು ಲ್ಯಾಂಬ್ಡಾಕ್ಕೆ ತರಲು 0.1442 ಅನ್ನು ಆ ಸಂಖ್ಯೆಯಿಂದ ಭಾಗಿಸಿ. ಇಂಚಿಗೆ 5 ಇರುವ ಎಕ್ಸ್‌ಪಿಎಸ್ (ಗಟ್ಟಿ ಫೋಮ್ ಶೀಟ್) 0.0288 ಆಯಿತು. ಇಂಚಿಗೆ 4 ಇರುವ ಇಪಿಎಸ್, ಅಂದರೆ ನಮ್ಮ ಥರ್ಮಾಕೋಲ್, 0.036. ಇಂಚಿಗೆ 6 ಇರುವ ಪಾಲಿಯುರೆಥೇನ್ ಜಾತಿಯ ಫೋಮ್ 0.024.

ನಮ್ಮಲ್ಲಿ ಸಿಗುವುದು 50 ಮಿ.ಮೀ. ಶೀಟ್, ಎರಡು ಇಂಚು ಅಂದರೆ 50.8 ಮಿ.ಮೀ. ಹಾಗಾಗಿ 'ಎರಡು ಇಂಚು, ಆರ್-10' ಅನ್ನುವುದು ನಿಜವಾಗಿ ಆರ್-9.84, ಮೆಟ್ರಿಕ್‌ನಲ್ಲಿ 1.76ರ ಬದಲು 1.73. ಮನೆಗೆ ಇದು ಲೆಕ್ಕಕ್ಕಿಲ್ಲ. ಟೆಂಡರ್ ದಾಖಲೆಗೆ ಆದರೆ ಸರಿಯಾಗಿ ಬರೆಯಿರಿ.

ಮೆಕ್ಯಾನಿಕಲ್ ಓದುವ ಹುಡುಗರಿಗೆ ಒಂದು ಮಾತು. ಅಮೆರಿಕದ ಪುಸ್ತಕಗಳಲ್ಲಿ ಲ್ಯಾಂಬ್ಡಾ ಎರಡು ರೂಪದಲ್ಲಿ ಬರುತ್ತದೆ. ಒಂದರಲ್ಲಿ ದಪ್ಪ ಇಂಚಿನಲ್ಲಿ, ಇನ್ನೊಂದರಲ್ಲಿ ಅಡಿಯಲ್ಲಿ. ಇಂಚಿನದಾದರೆ 0.1442ರಿಂದ ಗುಣಿಸಿ, ಅಡಿಯದಾದರೆ 1.731ರಿಂದ. ಅದಲು ಬದಲಾದರೆ ಉತ್ತರ ಹನ್ನೆರಡು ಪಟ್ಟು ತಪ್ಪುತ್ತದೆ. ಹಳೆಯ ಮೆಟ್ರಿಕ್ ಪುಸ್ತಕಗಳಲ್ಲಿ ವ್ಯಾಟ್ ಬದಲು ಗಂಟೆಗೆ ಕಿಲೋಕ್ಯಾಲೊರಿ ಇರುತ್ತದೆ. ಅದೂ ಮೆಟ್ರಿಕ್ಕೇ, ಆದರೂ ಲ್ಯಾಂಬ್ಡಾವನ್ನು 1.163ರಿಂದ ಗುಣಿಸದೆ ಬಳಸುವ ಹಾಗಿಲ್ಲ.

ಹಂತ 4: ಆರ್‌ನಿಂದ ಯು-ವ್ಯಾಲ್ಯೂಗೆ ಹೋಗುವುದು

ಯು ಅಂದರೆ 1 ÷ ಆರ್ ಅಂತ ಎಲ್ಲರಿಗೂ ಗೊತ್ತು. ಮರೆಯುವುದು ಏನೆಂದರೆ, ಆ ಆರ್ ಇಡೀ ಛಾವಣಿಯದು, ಪ್ಯಾಕೆಟ್ ಮೇಲಿನದಲ್ಲ. ಒಂದು ತಾರಸಿಯನ್ನೇ ತೆಗೆದುಕೊಂಡು ಮಾಡೋಣ. 150 ಮಿ.ಮೀ. ಆರ್‌ಸಿಸಿ, ಕೆಳಗೆ 15 ಮಿ.ಮೀ. ಪ್ಲಾಸ್ಟರ್, ಮೇಲೆ 50 ಮಿ.ಮೀ. ಸಿಮೆಂಟ್ ಗಾರೆ. ಬೆಂಗಳೂರಿನಲ್ಲಿ ಬೀದಿಗೆ ಹತ್ತು ಸಿಗುವಂಥ ಮನೆ.

ಪ್ರತಿ ಪದರದ ದಪ್ಪವನ್ನು ಅದರ ಲ್ಯಾಂಬ್ಡಾದಿಂದ ಭಾಗಿಸುತ್ತಾ ಹೋಗಿ:

- ಆರ್‌ಸಿಸಿ: 0.150 ÷ 1.58 = 0.095
- ಪ್ಲಾಸ್ಟರ್: 0.015 ÷ 0.72 = 0.021
- ಗಾರೆ: 0.050 ÷ 0.72 = 0.069
- ಒಳಗೆ ಸೂರಿಗೆ ಅಂಟಿದ ಗಾಳಿ, ಶಾಖ ಮೇಲಿಂದ ಕೆಳಗೆ ಬರುವಾಗ: 0.17
- ಹೊರಗೆ ತಾರಸಿಗೆ ಅಂಟಿದ ಗಾಳಿ: 0.04

ಒಟ್ಟು 0.395. ಯು-ವ್ಯಾಲ್ಯೂ 1 ÷ 0.395 = 2.53. ಗಮನಿಸಿ, ಆರು ಇಂಚಿನ ಕಾಂಕ್ರೀಟಿಗಿಂತ ಸೂರಿಗೆ ಅಂಟಿದ ತೆಳು ಗಾಳಿಯೇ ಜಾಸ್ತಿ ತಡೆಯುತ್ತಿದೆ. 'ಮೋಲ್ಡ್ ದಪ್ಪ ಹಾಕಿಸಿದ್ದೀವಿ, ಮನೆ ತಂಪಾಗಿರುತ್ತೆ' ಅನ್ನುವವರಿಗೆ ಈ ಸಾಲು ತೋರಿಸಿ. ದಪ್ಪ ಕಾಂಕ್ರೀಟು ಕಾವನ್ನು ತಡವಾಗಿ ಇಳಿಸುತ್ತದೆ, ಅಷ್ಟೇ. ಅದು ರಾತ್ರಿ ಮಲಗಿದಾಗ ಗೊತ್ತಾಗುತ್ತದೆ.

ಈಗ ಮೇಲೆ 'ಆರ್-10' ಅಂತ ಬರೆದ ಎಕ್ಸ್‌ಪಿಎಸ್ ಸೇರಿಸೋಣ. 10 × 0.1761 = 1.76. ಒಟ್ಟು 2.16. ಯು-ವ್ಯಾಲ್ಯೂ 0.46ಕ್ಕೆ ಇಳಿಯಿತು. ಆರ್ಕಿಟೆಕ್ಟ್ ಕೇಳಿದ್ದು 0.5. ಸಿಕ್ಕಿತು.

ಇದರ ಅರ್ಥ ಏನು? 1000 ಚದರ ಅಡಿ ತಾರಸಿ, ಅಂದರೆ 92.9 ಚದರ ಮೀಟರ್. ಬಿಸಿಲಿನ ಕಾವನ್ನೂ ಸೇರಿಸಿ ಒಳಗೂ ಹೊರಗೂ 15 ಡಿಗ್ರಿ ವ್ಯತ್ಯಾಸ ಅಂತಿಟ್ಟುಕೊಳ್ಳಿ. ಮೊದಲು 2.53 × 92.9 × 15, ಸುಮಾರು 3,500 ವ್ಯಾಟ್ ಶಾಖ ಒಳಗಿಳಿಯುತ್ತಿತ್ತು. ಒಂದು ಟನ್ ಏಸಿ ಹೊರಹಾಕುವ ಶಾಖವೂ ಹೆಚ್ಚು ಕಮ್ಮಿ ಅಷ್ಟೇ, 3,517 ವ್ಯಾಟ್. ಶೀಟ್ ಹಾಕಿದ ಮೇಲೆ ಅದು 650 ವ್ಯಾಟ್‌ನ ಆಸುಪಾಸಿಗೆ ಬರುತ್ತದೆ.

ಹಾಗಾದರೆ ಟೆಕ್ಸಾಸಿನ ತಮ್ಮನ ಹಾಗೆ ಆರ್-38 ಹಾಕಿಸಿಬಿಡೋಣವಾ? ಲೆಕ್ಕ ಹಾಕಿ ನೋಡಿ. ಆರ್-10 ಅನ್ನು ಆರ್-20 ಮಾಡಿದರೆ ಯು 0.46ರಿಂದ 0.26ಕ್ಕೆ ಬರುತ್ತದೆ. ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಮೊದಲ ಎರಡು ಇಂಚು ಉಳಿಸಿದ್ದು ಎರಡು ಚಿಲ್ಲರೆ ವ್ಯಾಟ್, ಮುಂದಿನ ಎರಡು ಇಂಚು ಉಳಿಸಿದ್ದು ಬರೀ 0.2. ನಮ್ಮ ಮನೆಗಳಿಗೆ ಕೇಂದ್ರ ಸರ್ಕಾರದ ಇಕೋ ನಿವಾಸ್ ಸಂಹಿತಾ 2018 ಛಾವಣಿಯ ಯು-ವ್ಯಾಲ್ಯೂಗೆ ಇಟ್ಟಿರುವ ಮಿತಿ 1.2. ಅದಕ್ಕೆ ಶೀಟ್ ಇಲ್ಲದ ಈ ತಾರಸಿಯ ಆರ್‌ಗೆ ಇನ್ನು 0.44 ಸೇರಿದರೆ ಸಾಕು, ಅಮೆರಿಕದ ಲೆಕ್ಕದಲ್ಲಿ ಆರ್-2.5. ಬೇರೆ ಹವೆಯ ಊರಿನವರು ಇಡುವ ಸಂಖ್ಯೆಯನ್ನು ಬೆಂಗಳೂರಿಗೆ ತಂದು ದುಡ್ಡು ಸುರಿಯಬೇಡಿ ಅನ್ನುವುದು ನನ್ನ ಅಭಿಪ್ರಾಯ. ಕಲಬುರಗಿ, ರಾಯಚೂರಿನ ಬಿಸಿಲಿಗೆ ಸ್ವಲ್ಪ ಧಾರಾಳವಾಗಿರಿ.

ಯು-ವ್ಯಾಲ್ಯೂ ಬದಲಿಸುವಾಗ ಗುಣಾಕಾರ ಉಲ್ಟಾ ಆಗುತ್ತದೆ, ಮರೆಯಬೇಡಿ. ಅಮೆರಿಕದ ಯು ಅನ್ನು 5.678ರಿಂದ ಗುಣಿಸಿದರೆ ಮೆಟ್ರಿಕ್ ಯು. ಅಮೆರಿಕದ ಕಿಟಕಿಯ ಸ್ಟಿಕರ್ ಮೇಲೆ 0.30 ಅಂತಿದ್ದರೆ ನಮ್ಮ ಲೆಕ್ಕದಲ್ಲಿ 1.70. 'ಅವರ ಕಿಟಕಿ ನಮ್ಮದಕ್ಕಿಂತ ಎಷ್ಟೋ ವಾಸಿ' ಅಂತ ಬರೀ ಸಂಖ್ಯೆ ನೋಡಿ ಮರುಳಾದವರಿದ್ದಾರೆ.

ಇನ್ನೊಂದು ಗುಂಡಿ: ಮೇಲೆ ಒಳಗಾಳಿಗೆ 0.17 ಅಂದೆನಲ್ಲ, ಅದನ್ನು ಯೂರೋಪಿನ ದಾಖಲೆಗಳಲ್ಲಿ 'ಆರ್' ಪಕ್ಕ ಚಿಕ್ಕದಾಗಿ 'ಎಸ್‌ಐ' ಬರೆದು ತೋರಿಸುತ್ತಾರೆ. ಓದುವಾಗ ಅದೂ ಆರ್‌ಎಸ್‌ಐ ಅಂತಲೇ ಕೇಳಿಸುತ್ತದೆ. ಮೆಟ್ರಿಕ್ ಆರ್‌ಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಎಸ್ ಅಂದರೆ ಮೇಲ್ಮೈ, ಐ ಅಂದರೆ ಒಳಗಿನದು.

ಹಂತ 5: ಬಂದ ಉತ್ತರವನ್ನು ನಂಬುವ ಮುಂಚೆ

ಅಳತೆ ಬದಲಿಸಿದ ಮೇಲೆ ಮತ್ತೆ ಲ್ಯಾಂಬ್ಡಾಕ್ಕೆ ಇಳಿಸಿ ನೋಡಿ. ನಿಶ್ಚಲ ಗಾಳಿಯ ಲ್ಯಾಂಬ್ಡಾ ಸುಮಾರು 0.026. ಒಳ್ಳೆಯ ಪಾಲಿಯುರೆಥೇನ್ ಫೋಮ್ ಅದಕ್ಕಿಂತ ಸ್ವಲ್ಪ ಕೆಳಗೆ ಹೋಗುತ್ತದೆ, ಏಕೆಂದರೆ ಅದರ ಗುಳ್ಳೆಗಳಲ್ಲಿ ಇರುವುದು ಗಾಳಿಯಲ್ಲ, ಬೇರೆ ಅನಿಲ. ಏರೋಜೆಲ್ 0.015ರ ಹತ್ತಿರ. ಅದಕ್ಕಿಂತ ಕೆಳಗೆ ಬಂದರೆ ಒಂದೋ ನಿರ್ವಾತ ಪ್ಯಾನೆಲ್, ಇಲ್ಲವೋ ಸುಳ್ಳು.

ನಾಲ್ಕು ಮಿ.ಮೀ. ದಪ್ಪದ, ಬೆಳ್ಳಿ ಹಾಳೆ ಅಂಟಿಸಿದ ಗುಳ್ಳೆ ಶೀಟ್‌ಗೆ 'ಆರ್-8' ಅಂತ ಹೇಳಿ ಮಾರಲು ಬಂದರು ಅನ್ನಿ. 8 × 0.1761 = 1.41. 0.004 ÷ 1.41 = 0.0028. ನಿರ್ವಾತ ಪ್ಯಾನೆಲ್‌ಗೆ ಮಾತ್ರ ಸಾಧ್ಯವಾಗುವಂಥ ಸಂಖ್ಯೆ, ಗುಳ್ಳೆ ಶೀಟ್‌ಗಲ್ಲ. ಹಾಗಂತ ಬೆಳ್ಳಿ ಹಾಳೆ ಸುಮ್ನೆ ಅಲ್ಲ. ಎದುರಿಗೆ ಗಾಳಿಯ ಖಾಲಿ ಜಾಗ ಬಿಟ್ಟು ಕೂರಿಸಿದರೆ ವಿಕಿರಣದ ಶಾಖವನ್ನು ಚೆನ್ನಾಗಿಯೇ ತಡೆಯುತ್ತದೆ. ಆಗ ಆ ಆರ್ ಹಾಳೆ ಮತ್ತು ಗಾಳಿ ಜಾಗ ಎರಡೂ ಸೇರಿದ್ದು. 'ಎಷ್ಟು ಗ್ಯಾಪ್ ಬಿಟ್ಟು ಅಳೆದಿದ್ದು?' ಅಂತ ಕೇಳಿ. ಗಾರೆಯೊಳಗೆ ಹೂತರೆ ಆ ಗುಣ ಹೋಯಿತು.

ಬೇರೆ ಬೇರೆ ದೇಶದ ಸಂಖ್ಯೆ ಹೋಲಿಸುವಾಗ ಒಂದು ಸೂಕ್ಷ್ಮವೂ ಇದೆ. ಅಮೆರಿಕದಲ್ಲಿ ಆರ್ ಅಳೆಯುವುದು 75 ಡಿಗ್ರಿ ಫ್ಯಾರನ್‌ಹೀಟ್ ಸರಾಸರಿಯಲ್ಲಿ, ಅಂದರೆ ಸುಮಾರು 24 ಸೆಲ್ಸಿಯಸ್. ಯೂರೋಪಿನಲ್ಲಿ 10ರಲ್ಲಿ. ಹೆಚ್ಚಿನ ವಸ್ತುಗಳು ಬಿಸಿಯಾದಷ್ಟೂ ಶಾಖವನ್ನು ಸ್ವಲ್ಪ ಜಾಸ್ತಿ ಬಿಡುತ್ತವೆ. ಹಾಗಾಗಿ ಯೂರೋಪಿನ ಡೇಟಾಶೀಟ್ ನಮ್ಮ ತಾರಸಿಗೆ ತುಸು ಆಶಾವಾದಿ. ಇಲ್ಲಿ 32 ಕಳೆದದ್ದು ಸರಿಯೇ, ಏಕೆಂದರೆ ಇದು ಥರ್ಮಾಮೀಟರಿನ ಉಷ್ಣಾಂಶ!

ದಶಮಾಂಶ ಎರಡು ಸಾಕು, ಅದೂ ಕೊನೆಯಲ್ಲಿ. ನಡುವೆ ಕತ್ತರಿಸುತ್ತಾ ಬಂದರೆ ತಪ್ಪು ಕೂಡುತ್ತಾ ಹೋಗುತ್ತದೆ.

ಇದೇ ಹೆಸರಿನ ಬೇರೆ ಅಳತೆಗಳು

ಟ್ರೆಕ್ಕಿಂಗ್ ಹೋಗುವವರು ಮಲಗುವ ಮ್ಯಾಟ್ ಬಗ್ಗೆ ಕೇಳುತ್ತಾರೆ. ಅದರ ಮೇಲಿನ ಆರ್ ಅಮೆರಿಕದ್ದು. ಆರ್-4 ಅಂದರೆ ಮೆಟ್ರಿಕ್ 0.70. ಇಂಗ್ಲೆಂಡಿನ ರಜಾಯಿ ಮೇಲೆ 'ಟಾಗ್' ಅಂತಿರುತ್ತದೆ. ಹತ್ತು ಟಾಗ್‌ಗೆ ಒಂದು ಮೆಟ್ರಿಕ್ ಆರ್. ಬಟ್ಟೆಗೆ 'ಕ್ಲೋ' ಅನ್ನುತ್ತಾರೆ, ಒಂದು ಕ್ಲೋ 0.155.

ಎಲೆಕ್ಟ್ರಾನಿಕ್ಸ್‌ನವರ ಹೀಟ್‌ಸಿಂಕ್ ಮೇಲಿನ 'ವ್ಯಾಟ್‌ಗೆ ಇಷ್ಟು ಡಿಗ್ರಿ' ಬೇರೆಯೇ ಜಾತಿ. ಅದರಲ್ಲಿ ಚದರ ಅಡಿಯೂ ಇಲ್ಲ, ಚದರ ಮೀಟರೂ ಇಲ್ಲ. ಅಲ್ಲಿ 5.678 ಬಳಸಬೇಡಿ. ಬಿಟಿಯು ರೂಪದಲ್ಲಿ ಸಿಕ್ಕರೆ 1.896ರಿಂದ ಗುಣಿಸಿ. ಹೀಟ್ ಎಕ್ಸ್‌ಚೇಂಜರ್‌ನ ಫೌಲಿಂಗ್ ಫ್ಯಾಕ್ಟರ್ (ಕೊಳವೆಯೊಳಗೆ ಕೂರುವ ಕಿಟ್ಟದ ನಿರೋಧ) ಮಾತ್ರ ನಮ್ಮ ಆರ್‌ನ ದಾಯಾದಿಯೇ: ಅಮೆರಿಕದ ಲೆಕ್ಕದಲ್ಲಿ 0.001 ಅಂತಿದ್ದರೆ ಮೆಟ್ರಿಕ್‌ನಲ್ಲಿ 0.000176.

ಅಂಗಡಿಗೆ ಹೋಗುವಾಗ

'ಆರ್ ಎಷ್ಟು ಬರುತ್ತೆ?' ಅಂತ ಕೇಳಬೇಡಿ. ಯಾವ ಆರ್ ಅಂತ ಅವರಿಗೂ ಗೊತ್ತಿರುವುದಿಲ್ಲ. ಕೊಟೇಶನ್‌ನಲ್ಲಿ ಮೂರು ಸಂಗತಿ ಬರೆಸಿಕೊಳ್ಳಿ: ದಪ್ಪ ಮಿ.ಮೀ.ನಲ್ಲಿ, ಸಾಂದ್ರತೆ ಘನ ಮೀಟರಿಗೆ ಎಷ್ಟು ಕಿಲೋ, ಲ್ಯಾಂಬ್ಡಾ ಎಷ್ಟು ಮತ್ತು ಯಾವ ಉಷ್ಣಾಂಶದಲ್ಲಿ ಅಳೆದದ್ದು. ಈ ಮೂರು ಇದ್ದರೆ ಆರ್ ಅನ್ನು ನೀವೇ ಹಾಕಿಕೊಳ್ಳಬಹುದು, ಟೆಕ್ಸಾಸಿನ ತಮ್ಮನಿಗೂ ಮೆಲ್ಬರ್ನಿನ ಅಕ್ಕನಿಗೂ ಅವರವರ ಲೆಕ್ಕದಲ್ಲೇ ಹೇಳಬಹುದು.